ಮಾಜಿ ಯೋಧನ ಆತ್ಮಸಾಕ್ಷಿಯ ಲೆಕ್ಕಪತ್ರ

ಕೆಲವು ವಾರಗಳ ಹಿಂದೆ ದೀಪಾಂಜಲಿ ನಗರದ ಒಂದು ಮನೆಯಲ್ಲಿ ಕುಟುಂಬ ಪ್ರಾರ್ಥನೆಯನ್ನು ಮುಗಿಸಿ ಕುಳಿತಿದ್ದೆವು. ಆ ಮನೆಯ ಗೃಹಿಣಿಯ ತಮ್ಮನೂ ಅಂದು ಅಲ್ಲಿಗೆ ಬಂದಿದ್ದರು. ಭೂಸೇನೆಯಲ್ಲಿ ಹಲವು ವರ್ಷ ಸೇವೆ ಸಲ್ಲಿಸಿ ನಿವೃತ್ತರಾದ ಅವರು ಕನಕಪುರದ ಕಡೆಯ ತಮ್ಮ ಹಳ್ಳಿಗೆ ಮರಳಿ, ರಾಗಿಯನ್ನೂ ಹಿಪ್ಪುನೇರಳೆಯನ್ನೂ ಬೆಳೆದುಕೊಂಡಿದ್ದಾರೆ. ಎಲ್ಲರೂ ಎದ್ದು ಹೋದ ಮೇಲೆ ಅವರು ನಮ್ಮ ಬಳಿ ಕುಳಿತು ಮೆಲ್ಲನೆ ಕೇಳಿದರು: “ಫಾದರ್, ಮುಂದಿನ ಸಲ ಪಂಚಾಯಿತಿಗೆ ನಿಲ್ಲಬೇಕು ಅಂತ ಊರಿನವರು ಒತ್ತಾಯ ಮಾಡ್ತಿದ್ದಾರೆ. ಗಡಿಯಲ್ಲಿದ್ದಾಗ ಶತ್ರು ಎದುರಿಗಿದ್ದ. ಇಲ್ಲಿ ಜೊತೆಯಲ್ಲಿ ಕೂತವರೇ ಬಿಲ್ಲಿಗೆ ಸಹಿ ಹಾಕು ಅಂತಾರೆ. ಕೈ ಕೊಳೆ ಮಾಡಿಕೊಳ್ಳದೆ ಅಲ್ಲಿ ಇರೋಕಾಗುತ್ತದಾ?”

ನಾವು ಉತ್ತರಿಸುವ ಮೊದಲೇ ಅವರ ಅಕ್ಕ ಅಡುಗೆಮನೆಯಿಂದ ಬಂದು, “ಬೇಡ ಅಂತ ಹೇಳಿ ಸ್ವಾಮಿ, ಅವನ ಒಳ್ಳೆಯ ಹೆಸರು ಯಾಕೆ ಕೆಡಬೇಕು?” ಎಂದರು.

ಒಂದೇ ಮಾತಿನಲ್ಲಿ ಉತ್ತರಿಸಬಹುದಾದ ಪ್ರಶ್ನೆ ಅದಾಗಿರಲಿಲ್ಲ. ಹಲವು ಕುಟುಂಬಗಳನ್ನು ಕಾಡುತ್ತಿರಬಹುದಾದ ಈ ಪ್ರಶ್ನೆಯನ್ನು ಕುರಿತು ಚಿಂತಿಸುತ್ತಿದ್ದಾಗ ನಮಗೆ ನೆನಪಾದದ್ದು ದೂರದ ಅಮೆರಿಕದ ಒಬ್ಬ ರೈತನ ಬಾಳು. ಆತ ಮುಂದೆ ರಾಷ್ಟ್ರಾಧ್ಯಕ್ಷನಾದುದನ್ನು ಜಗತ್ತು ಬಲ್ಲದು. ಆದರೆ ನಮಗೆ ಬೇಕಾದದ್ದು ಅದಕ್ಕೂ ಹಿಂದಿನ ಕಥೆ; ಹೊಲ ಬಿಟ್ಟು ಯುದ್ಧಕ್ಕೆ ಹೋಗಿ, ಯುದ್ಧದಿಂದ ಮರಳಿ, ತನ್ನ ಜಿಲ್ಲೆಯ ರಸ್ತೆ ಸೇತುವೆಗಳ ಹೊಣೆ ಹೊತ್ತ ಹ್ಯಾರಿ ಟ್ರೂಮನ್ ಎಂಬ ಸ್ಥಳೀಯ ಅಧಿಕಾರಿಯ ಕಥೆ. ಅವರು ಕಥೋಲಿಕರಲ್ಲ, ಬ್ಯಾಪ್ಟಿಸ್ಟ್ ಪಂಗಡಕ್ಕೆ ಸೇರಿದವರು. ಆದರೂ ಆ ಕಥೆಯಲ್ಲಿ ಕಥೋಲಿಕರಾದ ನಮಗೆ ಹೆಮ್ಮೆಪಡಬೇಕಾದದ್ದೂ ಇದೆ, ನಾಚಿ ತಲೆ ತಗ್ಗಿಸಬೇಕಾದದ್ದೂ ಇದೆ.

ನೇಗಿಲಿನಿಂದ ಫಿರಂಗಿಗೆ

ಟ್ರೂಮನ್ ಅವರು 1884ರ ಮೇ 8ರಂದು ಮಿಸೌರಿ ರಾಜ್ಯದ ಲಮಾರ್ ಎಂಬ ಊರಿನಲ್ಲಿ ಜನಿಸಿದರು. ಎಳೆಯ ವಯಸ್ಸಿನಿಂದಲೇ ದೃಷ್ಟಿ ಮಂದ. ದಪ್ಪ ಗಾಜಿನ ಕನ್ನಡಕವಿಲ್ಲದೆ ಏನೂ ಕಾಣದು. ಕಾಲೇಜಿನ ಪದವಿಯನ್ನು ಪಡೆಯಲಾಗಲಿಲ್ಲ. ಕೆಲವು ಕಾಲ ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದು, 1906ರಲ್ಲಿ ಗ್ರ್ಯಾಂಡ್‌ವ್ಯೂ ಎಂಬ ಹಳ್ಳಿಯ ಬಳಿಯಿದ್ದ ಕುಟುಂಬದ ಜಮೀನಿಗೆ ಮರಳಿದರು. ಮುಂದಿನ ಹನ್ನೊಂದು ವರ್ಷಗಳ ಕಾಲ ಸುಮಾರು 600 ಎಕರೆ ನೆಲದಲ್ಲಿ ಗೋಧಿ, ಜೋಳ ಬೆಳೆಯುವ ದುಡಿಮೆ.

ಅವರ ತಂದೆ ಜಾನ್ ಟ್ರೂಮನ್ ಬೇಸಾಯದ ಜೊತೆಗೆ ಸುತ್ತಲಿನ ಹಳ್ಳಿಗಳ ರಸ್ತೆಗಳ ಮೇಲ್ವಿಚಾರಕರಾಗಿದ್ದರು. 1914ರಲ್ಲಿ ರಸ್ತೆಗೆ ಅಡ್ಡಲಾಗಿದ್ದ ಬಂಡೆಯೊಂದನ್ನು ಸರಿಸಲು ಹೋಗಿ ಅವರಿಗೆ ಒಳಪೆಟ್ಟಾಯಿತು; ಅದೇ ನೋವಿನಿಂದ ಆ ವರ್ಷದ ನವೆಂಬರ್ ತಿಂಗಳಲ್ಲಿ ತೀರಿಕೊಂಡರು. ತಂದೆಯ ಆ ಸಣ್ಣ ಹುದ್ದೆ ಕೆಲವು ಕಾಲ ಮಗನಿಗೆ ಬಂದಿತು. ಊರಿನ ರಸ್ತೆ ಎಂಬುದು ಟ್ರೂಮನ್ ಅವರಿಗೆ ಭಾಷಣದ ವಿಷಯವಾಗಿರಲಿಲ್ಲ; ತಂದೆಯ ಪ್ರಾಣವನ್ನು ತೆಗೆದುಕೊಂಡ ನೆಲವಾಗಿತ್ತು.

1917ರಲ್ಲಿ ಅಮೆರಿಕವು ಮೊದಲನೆಯ ಮಹಾಯುದ್ಧವನ್ನು ಪ್ರವೇಶಿಸಿದಾಗ ಅವರಿಗೆ ಸುಮಾರು 33 ವರ್ಷ. ವಯಸ್ಸು, ಮಂದ ದೃಷ್ಟಿ, ಜಮೀನಿನ ಹೊಣೆ, ಹೀಗೆ ಮನೆಯಲ್ಲೇ ಉಳಿಯಲು ಬೇಕಾದಷ್ಟು ಕಾರಣಗಳಿದ್ದವು. ಆದರೂ ಸ್ವಯಂಪ್ರೇರಿತರಾಗಿ ಸೇನೆಗೆ ಸೇರಿದರು. 1918ರ ಜುಲೈ ತಿಂಗಳಲ್ಲಿ ಫ್ರಾನ್ಸ್ ದೇಶದಲ್ಲಿ ಅವರ ಕೈಗೆ 129ನೇ ಫಿರಂಗಿ ದಳದ ‘ಡಿ’ ತುಕಡಿಯನ್ನು ಒಪ್ಪಿಸಲಾಯಿತು. ಆ ತುಕಡಿಯ ಸುಮಾರು 190 ಯೋಧರಲ್ಲಿ ಬಹುತೇಕರು ಕ್ಯಾನ್ಸಸ್ ಸಿಟಿಯ ಐರಿಷ್ ಮತ್ತು ಜರ್ಮನ್ ಮೂಲದ ಕಥೋಲಿಕ ಯುವಕರು. ಹಿಂದಿನ ಕ್ಯಾಪ್ಟನ್‌ಗಳ ಮಾತಿಗೆ ಬಗ್ಗದವರೆಂದು ಹೆಸರು ಪಡೆದಿದ್ದವರು. ಇಂಥವರ ಮುಂದೆ ನಿಂತ ಹೊಸ ಕ್ಯಾಪ್ಟನ್ ಕನ್ನಡಕಧಾರಿ, ಬ್ಯಾಪ್ಟಿಸ್ಟ್, ಮೇಲಾಗಿ ಫ್ರೀಮೇಸನ್ ಸಂಘದ ಸದಸ್ಯ! ಎರಡು ಕಡೆಯವರಿಗೂ ಪರಸ್ಪರ ಅನುಮಾನ ಹುಟ್ಟಲು ಇಷ್ಟು ಸಾಕಾಗಿತ್ತು.

ಆ ಅನುಮಾನವನ್ನು ಕರಗಿಸಿದ್ದು ಆಗಸ್ಟ್ 29ರ ಒಂದು ರಾತ್ರಿ. ವೋಜ್ ಪರ್ವತಗಳ ನಡುವೆ ಜರ್ಮನ್ನರ ಗುಂಡುಗಳು ಬೀಳತೊಡಗಿದಾಗ ಕೆಲವರು ದಿಕ್ಕು ತಪ್ಪಿ ಓಡಿದರು. ಕುದುರೆ ಉರುಳಿ ಅದರಡಿ ಸಿಕ್ಕಿಕೊಂಡಿದ್ದ ಕ್ಯಾಪ್ಟನ್ ಮಾತ್ರ ಓಡಲಿಲ್ಲ. ಎದ್ದು ನಿಂತು, ರೈತರ ಬಾಯಲ್ಲಿ ಬರುವ ಎಲ್ಲ ಬೈಗುಳಗಳನ್ನೂ ಬಳಸಿ, ಓಡುತ್ತಿದ್ದವರನ್ನು ಮರಳಿ ಕರೆದರು. ಆ ರೆಜಿಮೆಂಟಿನ ಜೊತೆಯಲ್ಲಿದ್ದ ಕಥೋಲಿಕ ಗುರು ಫಾದರ್ ಕರ್ಟಿಸ್ ಟಿಯರ್ನನ್ ಅವರಿಗೂ ಟ್ರೂಮನ್ ಅವರಿಗೂ ಆ ದಿನಗಳಲ್ಲಿ ಬೆಳೆದ ಸ್ನೇಹ ಯುದ್ಧ ಮುಗಿದ ಮೇಲೂ ಉಳಿಯಿತು.

ಅದೇ 1918ರ ಸೆಪ್ಟೆಂಬರ್ 23ರಂದು ನಮ್ಮ ಮೈಸೂರು ಲ್ಯಾನ್ಸರ್ಸ್ ಯೋಧರು ಜೋಧಪುರದವರ ಜೊತೆಗೂಡಿ, ಪ್ರಭು ಯೇಸು ನಡೆದಾಡಿದ ನಾಡಿನ ಹೈಫಾ ನಗರವನ್ನು ಕುದುರೆಯ ಮೇಲೆ ನುಗ್ಗಿ ಗೆದ್ದರು. ಅದಾದ ಮೂರೇ ದಿನಗಳಿಗೆ ಟ್ರೂಮನ್ ಅವರ ಫಿರಂಗಿಗಳು ಆರ್ಗಾನ್ ಕಾಡಿನ ಮಹಾಕಾಳಗದಲ್ಲಿ ಗುಡುಗಿದವು. ನವೆಂಬರ್ 11ರಂದು ಯುದ್ಧ ನಿಂತಿತು. ಗೆದ್ದ ಸೈನಿಕರೆಲ್ಲರೂ ಹಳ್ಳಿಗಳಿಗೆ ಮರಳಿದರು, ಅಲ್ಲಿಯೂ ಇಲ್ಲಿಯೂ. ಮರಳಿದ ಮೇಲೆ ಏನು ಎಂಬ ಪ್ರಶ್ನೆ ಎಲ್ಲರದೂ ಆಗಿತ್ತು.

ಹತ್ತು ಡಾಲರುಗಳ ಪರೀಕ್ಷೆ

ಟ್ರೂಮನ್ ಅವರು 1919ರ ಜೂನ್ 28ರಂದು ಬೆಸ್ ವಾಲೇಸ್ ಅವರನ್ನು ವಿವಾಹವಾದರು. ಸೇನೆಯ ಗೆಳೆಯ, ಯೆಹೂದ್ಯ ಧರ್ಮದ ಎಡ್ಡಿ ಜೇಕಬ್‌ಸನ್ ಅವರ ಜೊತೆ ಬಟ್ಟೆ ಅಂಗಡಿಯೊಂದನ್ನು ತೆರೆದರು. 1922ರಲ್ಲಿ ವ್ಯಾಪಾರ ಮುಗ್ಗರಿಸಿ ಅಂಗಡಿ ಮುಚ್ಚಿತು. ಕೈಗೆ ಉಳಿದದ್ದು ಸಾಲ. ಕಾನೂನಿನ ಮೊರೆ ಹೊಕ್ಕು ದಿವಾಳಿ ಘೋಷಿಸಿಕೊಳ್ಳಬಹುದಿತ್ತು. ಹಾಗೆ ಮಾಡದೆ ಮುಂದಿನ ಹಲವು ವರ್ಷ ಆ ಸಾಲವನ್ನು ತೀರಿಸುತ್ತಲೇ ಹೋದರು.

ಅದೇ ವರ್ಷ ಅವರು ಜಾಕ್ಸನ್ ಕೌಂಟಿಯ ಪೂರ್ವ ಭಾಗದ ‘ಜಡ್ಜ್’ ಸ್ಥಾನಕ್ಕೆ ನಿಂತರು. ಈ ಪದವನ್ನು ಕೇಳಿ ಓದುಗರು ನ್ಯಾಯಾಲಯದ ನ್ಯಾಯಾಧೀಶರೆಂದು ತಿಳಿಯಬಾರದು. ಮಿಸೌರಿಯಲ್ಲಿ ಕೌಂಟಿಯ ಆಡಳಿತ ನಡೆಸುವ ಮೂವರು ಚುನಾಯಿತರನ್ನು ಅಂದು ಹಾಗೆ ಕರೆಯುತ್ತಿದ್ದರು. ರಸ್ತೆ, ಸೇತುವೆ, ನಿರ್ಗತಿಕ ವೃದ್ಧರ ಆಶ್ರಯ, ತೆರಿಗೆ ಹಣದ ಖರ್ಚು ಇವೇ ಅವರ ಕೆಲಸ. ನಮ್ಮ ಜಿಲ್ಲಾ ಪಂಚಾಯಿತಿಯನ್ನು ಮೂರೇ ಮಂದಿಯ ಕೈಗೆ ಕೊಟ್ಟರೆ ಹೇಗೋ ಹಾಗೆ.

ಆ ವರ್ಷಗಳಲ್ಲಿ ಕು ಕ್ಲಕ್ಸ್ ಕ್ಲಾನ್ ಎಂಬ ಗುಪ್ತ ಸಂಘವು ಅಲ್ಲಿ ಬಲವಾಗಿ ಹಬ್ಬಿತ್ತು. ಕರಿಯರನ್ನೂ ಯೆಹೂದ್ಯರನ್ನೂ ಕಥೋಲಿಕರನ್ನೂ ದ್ವೇಷಿಸುವುದೇ ಅದರ ಧರ್ಮ. ಅದರ ಬೆಂಬಲವಿದ್ದರೆ ಮತಗಳು ಬರುತ್ತವೆ ಎಂದು ಗೆಳೆಯರೊಬ್ಬರು ಹೇಳಿದಾಗ ಟ್ರೂಮನ್ ಅವರು ಸದಸ್ಯತ್ವದ ಶುಲ್ಕವೆಂದು ಹತ್ತು ಡಾಲರುಗಳನ್ನು ಕೊಟ್ಟರು. ಇದು ಅವರ ಬಾಳಿನ ಕಲೆ. ಇದನ್ನು ನಾವು ಮರೆಮಾಚಬಾರದು. ಆದರೆ ಆ ಸಂಘದವರು ಮುಂದೆ ಒಂದು ಮಾತನ್ನು ಬೇಡಿದರು: ಗೆದ್ದ ಮೇಲೆ ಕಥೋಲಿಕರಿಗೆ ಯಾವ ಕೆಲಸವನ್ನೂ ಕೊಡಬಾರದು. ಫ್ರಾನ್ಸ್‌ನಲ್ಲಿ ತನ್ನ ಜೊತೆ ಕೆಸರಿನಲ್ಲಿ ನಿಂತವರಿಗೆ ಬಾಗಿಲು ಮುಚ್ಚುವ ಮಾತನ್ನು ಟ್ರೂಮನ್ ಕೊಡಲಿಲ್ಲ. ಹತ್ತು ಡಾಲರು ಮರಳಿ ಬಂದವೆಂದು ಅವರ ಜೊತೆಗಾರರು ನೆನೆದಿದ್ದಾರೆ.

ಪಕ್ಷದ ಒಳ ಚುನಾವಣೆಯಲ್ಲಿ ಅವರು ಗೆದ್ದದ್ದು 300ಕ್ಕೂ ಕಡಿಮೆ ಮತಗಳ ಅಂತರದಿಂದ. ಎರಡು ವರ್ಷಗಳ ನಂತರ, 1924ರಲ್ಲಿ, ಕ್ಲಾನ್ ಅವರ ವಿರುದ್ಧ ನಿಂತಿತು. ಸ್ವಪಕ್ಷದ ಒಂದು ಬಣವೂ ಕೈಬಿಟ್ಟಿತು. ಅವರು ಸೋತರು. ಇಡೀ ಬಾಳಿನಲ್ಲಿ ಅವರು ಸಾರ್ವತ್ರಿಕ ಚುನಾವಣೆಯಲ್ಲಿ ಸೋತದ್ದು ಅದೊಂದೇ ಬಾರಿ. ಮನೆಯಲ್ಲಿ ಕೆಲವೇ ತಿಂಗಳ ಹೆಣ್ಣುಮಗು, ಹೊರಗೆ ಸಾಲಗಾರರು. ಮೋಟಾರು ಕ್ಲಬ್ಬಿನ ಸದಸ್ಯತ್ವಗಳನ್ನು ಮಾರಿಕೊಂಡು ಸಂಸಾರ ನಡೆಸಿದರು.

ದೊರೆ ನಮ್ಮವನೇ ಆಗಿದ್ದ

ಇಲ್ಲಿಯವರೆಗೆ ಕಥೆಯನ್ನು ಓದಿ ಹೆಮ್ಮೆಪಟ್ಟ ಕಥೋಲಿಕ ಓದುಗರು ಈಗ ಇನ್ನೊಂದು ಸತ್ಯವನ್ನೂ ಕೇಳಬೇಕು. ಟ್ರೂಮನ್ ಅವರನ್ನು ರಾಜಕೀಯಕ್ಕೆ ಕರೆತಂದದ್ದು ಕ್ಯಾನ್ಸಸ್ ಸಿಟಿಯ ಪೆಂಡರ್‌ಗಾಸ್ಟ್ ಮನೆತನ. ಆ ಮನೆಯ ಹುಡುಗ ಜಿಮ್, ಯುದ್ಧದಲ್ಲಿ ಟ್ರೂಮನ್ ಅವರ ಗೆಳೆಯ. ಆತನ ಚಿಕ್ಕಪ್ಪ ಟಾಮ್ ಪೆಂಡರ್‌ಗಾಸ್ಟ್ ಯಾವ ದೊಡ್ಡ ಹುದ್ದೆಯಲ್ಲೂ ಇಲ್ಲದೆ ಇಡೀ ನಗರವನ್ನು ಬೆರಳ ತುದಿಯಲ್ಲಿ ಕುಣಿಸುತ್ತಿದ್ದ ದೊರೆ. ಬಡವರಿಗೆ ಚಳಿಗಾಲದಲ್ಲಿ ಕಲ್ಲಿದ್ದಲು, ಹಬ್ಬಕ್ಕೆ ಊಟ. ಅದಕ್ಕೆ ಪ್ರತಿಯಾಗಿ ಮತ. ಕಾಂಕ್ರೀಟು ಮಾರುವ ಕಂಪನಿಯೂ ಆತನದೇ. ಜೂಜು, ಲಂಚ, ಕಳ್ಳಮತ ಎಲ್ಲವೂ ಆತನ ನೆರಳಿನಲ್ಲಿ ನಡೆಯುತ್ತಿದ್ದವು. ಆತ ಐರಿಷ್ ಕಥೋಲಿಕ.

ನಮ್ಮವರನ್ನು ದ್ವೇಷಿಸಲಾರೆ ಎಂದವನು ಬ್ಯಾಪ್ಟಿಸ್ಟ್. ಜನರ ಹಣವನ್ನು ನುಂಗಿದವನು ನಮ್ಮವನು. ‘ನಮ್ಮವನು’ ಎಂಬ ಒಂದೇ ಅಳತೆಗೋಲಿನಿಂದ ಅಭ್ಯರ್ಥಿಗಳನ್ನು ಅಳೆಯುವ ಅಭ್ಯಾಸ ನಮ್ಮ ಸಮುದಾಯದಲ್ಲೂ ಇರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇವೆ.

1926ರಲ್ಲಿ ಆ ದೊರೆಯ ಬೆಂಬಲದಿಂದಲೇ ಟ್ರೂಮನ್ ಅವರು ಮೂವರಲ್ಲಿ ಮುಖ್ಯಸ್ಥನ ಸ್ಥಾನಕ್ಕೆ ಆಯ್ಕೆಯಾದರು. 1927ರಿಂದ 1934ರವರೆಗೆ ಅದೇ ಹುದ್ದೆಯಲ್ಲಿದ್ದರು. ಕೌಂಟಿಯ ರಸ್ತೆಗಳು ಮಳೆ ಬಂದರೆ ಕೆಸರು, ಬಿಸಿಲಿಗೆ ಧೂಳು. ಟ್ರೂಮನ್ ಇಬ್ಬರು ಎಂಜಿನಿಯರುಗಳನ್ನು ನೇಮಿಸಿದರು. ಒಬ್ಬ ತಮ್ಮ ಪಕ್ಷದವನು, ಇನ್ನೊಬ್ಬ ಎದುರು ಪಕ್ಷದವನು. ಅವರ ವರದಿಯ ಆಧಾರದ ಮೇಲೆ 224 ಮೈಲಿ, ಅಂದರೆ ಸುಮಾರು 360 ಕಿಲೋಮೀಟರ್ ಕಾಂಕ್ರೀಟು ರಸ್ತೆಯ ಯೋಜನೆ ಸಿದ್ಧವಾಯಿತು. ಅದಕ್ಕೆ ಬೇಕಾದ 65 ಲಕ್ಷ ಡಾಲರುಗಳ ಸಾಲಪತ್ರಕ್ಕೆ ಜನರೇ ಒಪ್ಪಿಗೆ ಕೊಡಬೇಕಿತ್ತು. ಟ್ರೂಮನ್ ಊರೂರು ಸುತ್ತಿ, ಕಾಮಗಾರಿಯನ್ನು ಅತಿ ಕಡಿಮೆ ಬೆಲೆ ಕೂಗಿದವರಿಗೇ ಕೊಡುವೆನೆಂದು ಮಾತು ಕೊಟ್ಟರು. 1928ರ ಮೇ ತಿಂಗಳಲ್ಲಿ ಜನ ಒಪ್ಪಿದರು.

ಆ ಮಾತನ್ನು ಅವರು ಉಳಿಸಿಕೊಂಡರು. ಮೊದಲ ಗುತ್ತಿಗೆ ಹೋದದ್ದು ಬೇರೆ ರಾಜ್ಯದ ಕಂಪನಿಗೆ. ಸ್ಥಳೀಯ ಗುತ್ತಿಗೆದಾರರು ಕೆರಳಿ ಪೆಂಡರ್‌ಗಾಸ್ಟ್ ಬಳಿ ದೂರು ಕೊಂಡೊಯ್ದರು. ದೊರೆಯ ಎದುರಿನಲ್ಲೇ ಟ್ರೂಮನ್ ತಮ್ಮ ಮಾತನ್ನು ಹಿಂತೆಗೆದುಕೊಳ್ಳಲು ಒಪ್ಪಲಿಲ್ಲ. ಇವನಷ್ಟು ಹಟಮಾರಿ ಇನ್ನೊಬ್ಬನಿಲ್ಲವೆಂದು ಹೇಳಿ ಪೆಂಡರ್‌ಗಾಸ್ಟ್ ಬಂದವರನ್ನು ಕಳುಹಿಸಿಬಿಟ್ಟನೆಂದು ಟ್ರೂಮನ್ ನೆನೆದುಕೊಂಡಿದ್ದಾರೆ.

ಹೊಸ ರಸ್ತೆಯೊಂದು ಅವರ ತಾಯಿಯ ಹೊಲವನ್ನು ಸೀಳಿಕೊಂಡು ಹೋಯಿತು. ಹನ್ನೊಂದು ಎಕರೆ ನೆಲ ರಸ್ತೆಗೆ ಹೋಯಿತು. ಮಗ ಆ ಹುದ್ದೆಯಲ್ಲಿಲ್ಲದಿದ್ದರೆ ತಾಯಿಗೆ 11,000 ಡಾಲರು ಪರಿಹಾರ ಸಿಗುತ್ತಿತ್ತು ಎಂದು ಟ್ರೂಮನ್ ಮುಂದೆ ಹೇಳಿಕೊಂಡರು. ಮಗ ಆ ಹುದ್ದೆಯಲ್ಲಿದ್ದ ಕಾರಣಕ್ಕೇ ತಾಯಿಗೆ ಏನೂ ಸಿಗಲಿಲ್ಲ. ಅದೇ ಜಮೀನು 1940ರಲ್ಲಿ ಸಾಲ ತೀರಿಸಲಾಗದೆ ಆ ಮುದುಕಿಯ ಕೈಬಿಟ್ಟು ಹೋಯಿತು. ನಮ್ಮ ನಾಡಿನಲ್ಲಿ ರಸ್ತೆ ಬರುವ ಸುದ್ದಿ ಮೊದಲೇ ತಿಳಿದು ಅಕ್ಕಪಕ್ಕದ ನೆಲ ಕೊಳ್ಳುವವರನ್ನು ಕಂಡಿರುವ ನಮಗೆ ಇದು ಕಟ್ಟುಕಥೆಯಂತೆ ತೋರಬಹುದು.

ಫ್ರಾನ್ಸ್‌ನ ಹಾದಿಗಳಲ್ಲಿ ಕಂಡಿದ್ದ ಸಾಲುಮರಗಳ ನೆನಪಿನಿಂದ ಟ್ರೂಮನ್ ತಮ್ಮ ರಸ್ತೆಗಳ ಬದಿಯಲ್ಲೂ ಸಸಿಗಳನ್ನು ನೆಡಿಸಿದರು. ಆರೈಕೆಯಿಲ್ಲದೆ ಅವು ಉಳಿಯಲಿಲ್ಲ. ನಮ್ಮ ಮಾಗಡಿ ಸೀಮೆಯಲ್ಲಿ ಹುಲಿಕಲ್‌ನಿಂದ ಕುದೂರಿನ ಹಾದಿಯುದ್ದಕ್ಕೂ ಆಲದ ಸಸಿಗಳಿಗೆ ಬಿಂದಿಗೆಯಲ್ಲಿ ನೀರು ಹೊತ್ತ ತಿಮ್ಮಕ್ಕನಂಥವರು ಅಲ್ಲಿ ಇರಲಿಲ್ಲವೇನೋ. ಅಧಿಕಾರಿ ನೆಟ್ಟದ್ದನ್ನು ಉಳಿಸಿಕೊಳ್ಳುವ ಹೊಣೆ ಊರಿನದು.

ಹತ್ತು ಸಾವಿರ ಡಾಲರುಗಳ ಪ್ರಶ್ನೆ

ಇಷ್ಟಕ್ಕೇ ಕಥೆಯನ್ನು ನಿಲ್ಲಿಸಿದರೆ ಅದು ಶಾಲಾ ಪುಸ್ತಕದ ನೀತಿಪಾಠವಾಗುತ್ತಿತ್ತು. ಆದರೆ ಟ್ರೂಮನ್ ತಮ್ಮ ಬಗ್ಗೆ ತಾವೇ ಒಂದು ಸಾಕ್ಷ್ಯವನ್ನು ಬಿಟ್ಟುಹೋಗಿದ್ದಾರೆ. 1930ರ ದಶಕದ ಆರಂಭದಲ್ಲಿ, ಮನಸ್ಸು ತೀರ ಬೇಸತ್ತಾಗ, ಅವರು ಕ್ಯಾನ್ಸಸ್ ಸಿಟಿಯ ಪಿಕ್‌ವಿಕ್ ಹೋಟೆಲಿನ ಕೋಣೆಯಲ್ಲಿ ರಾತ್ರಿ ಒಬ್ಬರೇ ಕುಳಿತು, ಆ ಹೋಟೆಲಿನ ಕಾಗದಗಳ ಮೇಲೆಯೇ ಮನಸ್ಸಿನ ಮಾತುಗಳನ್ನು ಬರೆಯುತ್ತಿದ್ದರು. ಯಾರಿಗೂ ತೋರಿಸಲು ಬರೆದದ್ದಲ್ಲ. ಅವರ ಕಾಲಾನಂತರ ಜಗತ್ತಿಗೆ ತಿಳಿದ ಕಾಗದಗಳು ಅವು.

ಅಲ್ಲಿ ಅವರು ಒಪ್ಪಿಕೊಂಡದ್ದು ಇದು. ದೊರೆಯ ಆಪ್ತನೊಬ್ಬನು ಕೌಂಟಿಯ ಬೊಕ್ಕಸದಿಂದ ಸುಮಾರು 10,000 ಡಾಲರುಗಳನ್ನು ಕದಿಯಲು ತಾನು ಬಿಡಬೇಕಾಯಿತು. ಆ ಬಾಯಿಯನ್ನು ಮುಚ್ಚಿಸದಿದ್ದರೆ ರಸ್ತೆಯ ಹಣದಲ್ಲಿ ಲಕ್ಷಗಟ್ಟಲೆ ಡಾಲರುಗಳು ಕಳ್ಳರ ಪಾಲಾಗುತ್ತಿದ್ದವು. ತಾನು ಮಾಡಿದ್ದು ಸರಿಯೇ, ಅಥವಾ ತಾನೂ ಆ ಅಪರಾಧದಲ್ಲಿ ಪಾಲುಗಾರನೇ? ತನಗೆ ತಿಳಿಯದು ಎಂದು ಅವರು ಬರೆದಿದ್ದಾರೆ. ಸಣ್ಣಪುಟ್ಟ ನೌಕರಿಗಳನ್ನು ಪೆಂಡರ್‌ಗಾಸ್ಟ್ ಕಡೆಯವರಿಗೆ ಕೊಟ್ಟದ್ದೂ ಅವರ ಆಡಳಿತದಲ್ಲಿ ನಡೆದ ಮಾತೇ.

ನೀತಿಶಾಸ್ತ್ರದ ದೃಷ್ಟಿಯಿಂದ ಇದನ್ನು ಹೇಗೆ ನೋಡಬೇಕು? ಸಂತ ಅಲ್ಫೋನ್ಸ್ ಲಿಗೋರಿ ಮೊದಲಾದ ನೀತಿಗುರುಗಳು ಇತರರ ಪಾಪದಲ್ಲಿ ಪಾಲುಗೊಳ್ಳುವ ಎರಡು ಬಗೆಗಳನ್ನು ಬಿಡಿಸಿ ತೋರಿಸಿದ್ದಾರೆ. ಕಳ್ಳನ ಉದ್ದೇಶವನ್ನೇ ನನ್ನದಾಗಿ ಮಾಡಿಕೊಳ್ಳುವುದು ಒಂದು. ಆ ಉದ್ದೇಶವನ್ನು ತಿರಸ್ಕರಿಸಿದರೂ, ನನ್ನ ಯಾವುದೋ ಕ್ರಿಯೆ ಆತನಿಗೆ ನೆರವಾಗುವಂತಾಗುವುದು ಇನ್ನೊಂದು. ಮೊದಲನೆಯದು ಎಂದಿಗೂ ಸಲ್ಲದು. ಎರಡನೆಯದನ್ನು ಗಂಭೀರ ಕಾರಣವಿದ್ದಾಗ, ಇತರರಿಗೆ ದುರ್ಮಾದರಿಯಾಗದಂತೆ, ವಿವೇಕದಿಂದ ತೂಗಿ ನೋಡಬೇಕಾಗುತ್ತದೆ. ಟ್ರೂಮನ್ ಆ ಹಣವನ್ನು ಬಯಸಲಿಲ್ಲ, ಮುಟ್ಟಲಿಲ್ಲ. ಆದರೆ ಬೊಕ್ಕಸವನ್ನು ಕಾಯುವುದೇ ಅವರ ಹುದ್ದೆಯಾಗಿತ್ತು. ಕಾವಲುಗಾರ ಕಣ್ಣು ಮುಚ್ಚುವುದು ದಾರಿಹೋಕ ಕಣ್ಣು ಮುಚ್ಚಿದಂತಲ್ಲ. ಒಳಿತು ಬರಲಿ ಎಂದು ಕೇಡನ್ನು ಮಾಡಬಾರದೆಂಬ ಪ್ರೇಷಿತ ಪೌಲರ ಬೋಧನೆಯನ್ನು ಎದುರಿಗಿಟ್ಟುಕೊಂಡರೆ, ಅವರು ತಪ್ಪಿದರೆಂದೇ ನಾವು ಹೇಳಬೇಕಾಗುತ್ತದೆ.

ಹಾಗಾದರೆ ಅವರಿಗೂ ಪೆಂಡರ್‌ಗಾಸ್ಟ್‌ಗೂ ಇರುವ ಅಂತರವೇನು? ಅಂತರವಿರುವುದು ಆ ಹೋಟೆಲಿನ ಕಾಗದದಲ್ಲಿ. ತಪ್ಪನ್ನು ಅವರು ಜಾಣತನವೆಂದು ಕರೆಯಲಿಲ್ಲ. ‘ಎಲ್ಲರೂ ಮಾಡುತ್ತಾರೆ’ ಎಂದು ಸಮಾಧಾನ ಹೇಳಿಕೊಳ್ಳಲಿಲ್ಲ. ಅದಕ್ಕೆ ಅದರದೇ ಹೆಸರನ್ನಿಟ್ಟು, ಮೊತ್ತವನ್ನು ಬರೆದು, ಪ್ರಶ್ನೆಯನ್ನು ತೆರೆದೇ ಇಟ್ಟರು. ಪಾಪನಿವೇದನೆಯ ಸಂಸ್ಕಾರವಿಲ್ಲದ ಸಂಪ್ರದಾಯದ ಆ ಮನುಷ್ಯನಿಗೆ ಆ ರಾತ್ರಿಗಳೇ ಆತ್ಮಶೋಧನೆಯಾದವು. ಆ ಸಂಸ್ಕಾರವನ್ನು ಪಡೆದಿರುವ ನಾವು, ಕಚೇರಿಯಲ್ಲಿ ಸಹಿ ಹಾಕಿದ ಬಿಲ್ಲುಗಳನ್ನು ಅಲ್ಲಿ ಎಷ್ಟು ಬಾರಿ ನೆನೆಯುತ್ತೇವೆ? ಕೋಪ, ಅಸೂಯೆ, ಪ್ರಾರ್ಥನೆ ತಪ್ಪಿಸಿದ್ದು ಎಲ್ಲವೂ ನೆನಪಾಗುತ್ತವೆ. ಸಾರ್ವಜನಿಕ ಹಣ ಮಾತ್ರ ನೆನಪಾಗುವುದಿಲ್ಲ.

ಇನ್ನೊಂದು ಎಚ್ಚರಿಕೆಯನ್ನೂ ಈ ಬಾಳು ಕೊಡುತ್ತದೆ. ಟ್ರೂಮನ್ 1934ರಲ್ಲಿ ಸೆನೆಟಿಗೆ ಆಯ್ಕೆಯಾದರು. ಪೆಂಡರ್‌ಗಾಸ್ಟ್ 1939ರಲ್ಲಿ ತೆರಿಗೆ ವಂಚನೆಗಾಗಿ ಸೆರೆಮನೆ ಸೇರಿದನು. 1945ರ ಏಪ್ರಿಲ್ 12ರಂದು ಟ್ರೂಮನ್ ರಾಷ್ಟ್ರಾಧ್ಯಕ್ಷರಾದರು. ಅದೇ ವರ್ಷದ ಆಗಸ್ಟ್ 6ರಂದು ಹಿರೋಶಿಮಾದ ಮೇಲೂ 9ರಂದು ನಾಗಸಾಕಿಯ ಮೇಲೂ ಅಣುಬಾಂಬು ಬಿತ್ತು. ದೊಡ್ಡ ಸಾವನ್ನು ತಪ್ಪಿಸಲು ಇದು ಅನಿವಾರ್ಯವಾಗಿತ್ತು ಎಂಬುದೇ ಅವರ ಸಮರ್ಥನೆ. ನಾಗಸಾಕಿಯ ಉರಾಕಾಮಿ, ಶತಮಾನಗಳ ಹಿಂಸೆಯನ್ನು ಸಹಿಸಿ ಗುಟ್ಟಾಗಿ ವಿಶ್ವಾಸವನ್ನು ಕಾಪಾಡಿಕೊಂಡು ಬಂದಿದ್ದ ಕಥೋಲಿಕರ ನೆಲೆ. ಅಲ್ಲಿನ ಪ್ರಧಾನಾಲಯ ನೆಲಸಮವಾಯಿತು. ಸುಮಾರು 12,000 ಕ್ರೈಸ್ತರಲ್ಲಿ ಸುಮಾರು 8,500 ಮಂದಿ ಮಡಿದರು. ಇಡೀ ನಗರಗಳನ್ನು ವಿವೇಚನೆಯಿಲ್ಲದೆ ನಾಶಮಾಡುವ ಯುದ್ಧಕೃತ್ಯವನ್ನು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ದೇವರಿಗೂ ಮಾನವನಿಗೂ ವಿರುದ್ಧವಾದ ಅಪರಾಧವೆಂದು ಖಂಡಿಸಿದೆ. ಬೊಕ್ಕಸದ ಹತ್ತು ಸಾವಿರವೇ ಅಲ್ಲಿಗೆ ದಾರಿ ಮಾಡಿತೆಂದು ನಾವು ಹೇಳುವುದಿಲ್ಲ. ಹಾಗೆ ಹೇಳುವುದು ಅನ್ಯಾಯವಾದೀತು. ಆದರೆ ತಕ್ಕಡಿ ಒಂದೇ: ದೊಡ್ಡ ಕೇಡನ್ನು ತಪ್ಪಿಸಲು ಇನ್ನೊಂದು ಕೇಡು. ಆ ತಕ್ಕಡಿಯನ್ನು ಕೈಗೆ ತೆಗೆದುಕೊಂಡವರು, ಎಷ್ಟೇ ಪ್ರಾಮಾಣಿಕರಾಗಿರಲಿ, ಅದಕ್ಕೆ ಅಂಜಬೇಕು.

ನಮ್ಮ ಯೋಧನಿಗೆ ನಮ್ಮ ಉತ್ತರ

ಹಾಗಾದರೆ ಆ ಅಕ್ಕ ಹೇಳಿದ್ದೇ ಸರಿಯೇ? ಒಳ್ಳೆಯ ಹೆಸರನ್ನು ಉಳಿಸಿಕೊಳ್ಳಲು ಒಳ್ಳೆಯವರು ದೂರ ಉಳಿಯಬೇಕೇ?

ಇಲ್ಲವೆಂದೇ ನಮ್ಮ ಭಾವನೆ. ಟ್ರೂಮನ್ ಹೊಲದಲ್ಲೇ ಉಳಿದಿದ್ದರೆ ಅವರ ಕೈ ಶುಚಿಯಾಗಿರುತ್ತಿತ್ತು. ಆದರೆ ರಸ್ತೆಯ ಹಣವನ್ನು ಕಾಯುವ ಒಬ್ಬನೂ ಅಲ್ಲಿ ಇರುತ್ತಿರಲಿಲ್ಲವೇನೋ. ಸಾರ್ವಜನಿಕ ಹೊಣೆಯನ್ನು ಹೊತ್ತು ಜನರ ಹಿತಕ್ಕಾಗಿ ದುಡಿಯುವವರ ಕೆಲಸವನ್ನು ಅದೇ ಮಹಾಸಭೆಯು ಮನಸಾರೆ ಮೆಚ್ಚಿದೆ. ಪೋಪ್ ದ್ವಿತೀಯ ಜಾನ್ ಪೌಲರು 2000ನೇ ಇಸವಿಯಲ್ಲಿ ಸಂತ ಥಾಮಸ್ ಮೋರ್ ಅವರನ್ನು ರಾಜಕಾರಣಿಗಳ ಪಾಲಕ ಸಂತರೆಂದು ಸಾರಿದರು. ಅರಸನ ಮಂತ್ರಿಯಾಗಿ ಬಹುಕಾಲ ನಿಷ್ಠೆಯಿಂದ ಸೇವೆ ಮಾಡಿ, ದಾಟಬಾರದ ಗೆರೆ ಎದುರಾದಾಗ ಹುದ್ದೆಯನ್ನೂ ಪ್ರಾಣವನ್ನೂ ಬಿಟ್ಟವರು ಅವರು. ಇನ್ನು, ಜೋರ್ಡಾನಿನ ದಡದಲ್ಲಿ ಸೈನಿಕರು ಬಂದು ತಾವೇನು ಮಾಡಬೇಕೆಂದು ಕೇಳಿದಾಗ ಸ್ನಾನಿಕ ಯೊವಾನ್ನರು ಸೇನೆಯನ್ನು ಬಿಡಿರೆಂದು ಹೇಳಲಿಲ್ಲ. ಯಾರನ್ನೂ ಹೆದರಿಸಿ ಹಣ ಕೀಳಬೇಡಿ, ಬರುವ ಸಂಬಳದಲ್ಲಿ ತೃಪ್ತರಾಗಿರಿ ಎಂಬ ಅರ್ಥದ ಮಾತನ್ನು ಹೇಳಿದರು. ಇಂದಿನ ಪಂಚಾಯಿತಿ ಸದಸ್ಯನಿಗೂ ಇದಕ್ಕಿಂತ ಉತ್ತಮ ಬುದ್ಧಿವಾದ ಸಿಗಲಾರದು.

ಆದ್ದರಿಂದ ನಾವು ಆ ಸಹೋದರನಿಗೆ ಹೇಳಿದ್ದು ಮೂರು ಮಾತು. ಮೊದಲನೆಯದು, ನಿಲ್ಲುವ ಮೊದಲೇ ದಾಟಬಾರದ ಗೆರೆಯನ್ನು ಎಳೆದುಕೊಳ್ಳಿ. ಗೆದ್ದ ಮೇಲೆ ಎಳೆಯಲು ಹೋದರೆ ಕೈ ನಡುಗುತ್ತದೆ. ಜಾತಿ ಮತ ನೋಡಿ ನೀರು, ಮನೆ, ಕೆಲಸ ಹಂಚಬೇಕೆಂದು ಯಾರಾದರೂ ಮಾತು ಕೇಳಿದರೆ, ಕೇಳಿದವರು ನಮ್ಮ ಧರ್ಮಕೇಂದ್ರದವರೇ ಆಗಿದ್ದರೂ, ಅವರ ಹಣ ಅವರಿಗೆ ಮರಳಲಿ.

ಎರಡನೆಯದು, ಕತ್ತಲೆಯಲ್ಲಿ ಒಬ್ಬರೇ ಪ್ರಾಮಾಣಿಕರಾಗಿರಲು ಹೋಗಬೇಡಿ. ಟ್ರೂಮನ್ ಜನರ ಮುಂದೆ ಮೊದಲೇ ಮಾತು ಕೊಟ್ಟಿದ್ದರಿಂದಲೇ ದೊರೆಯ ಎದುರು ನಿಲ್ಲಲು ಸಾಧ್ಯವಾಯಿತು. ನಮ್ಮಲ್ಲಿ 1993ರ ಪಂಚಾಯತ್ ರಾಜ್ ಕಾಯ್ದೆಯಿದೆ, ಗ್ರಾಮಸಭೆಯಿದೆ, ವರ್ಷಕ್ಕೊಮ್ಮೆ ಲೆಕ್ಕವನ್ನು ಊರಿನ ಮುಂದಿಡುವ ಜಮಾಬಂದಿಯಿದೆ. ಟೆಂಡರುಗಳ ಪಾರದರ್ಶಕತೆಗಾಗಿ 1999ರಲ್ಲೇ ರಾಜ್ಯದ ಕಾಯ್ದೆಯೊಂದು ಬಂದಿದೆ. ಟ್ರೂಮನ್ ಅವರಿಗೆ ಹೋಟೆಲಿನ ಕಾಗದವಲ್ಲದೆ ಗತಿಯಿರಲಿಲ್ಲ. ನಿಮಗೆ ಊರಿನ ಸಭೆಯಿದೆ. ಕದಿಯುವವನನ್ನು ಒಬ್ಬರೇ ತೂಗಿ ನೋಡಬೇಡಿ. ಸಭೆಯ ಮುಂದೆ ಇಡಿ.

ಮೂರನೆಯದು, ತಪ್ಪಿದ ದಿನ ಅದನ್ನು ತಪ್ಪೆಂದೇ ಕರೆಯಿರಿ. ಬರೆದಿಡಿ, ನಿವೇದಿಸಿ, ಸರಿಪಡಿಸಿ. ಸಕ್ಕಾಯನು ಪ್ರಭುವನ್ನು ಮನೆಗೆ ಬರಮಾಡಿಕೊಂಡ ದಿನ ಬರಿಯ ಪಶ್ಚಾತ್ತಾಪವನ್ನು ಹೇಳಲಿಲ್ಲ. ನಾಲ್ಕರಷ್ಟು ಮರಳಿಸುವೆನೆಂದು ಲೆಕ್ಕವನ್ನೂ ಹೇಳಿದನು.

ಓದುಗ ಕುಟುಂಬಗಳಿಗೂ ನಮ್ಮದೊಂದು ಮಾತಿದೆ. ದೀಪಾಂಜಲಿ ನಗರವೂ ಬಿಬಿಎಂಪಿಯ ಒಂದು ವಾರ್ಡಿನ ಹೆಸರಾಗಿತ್ತು. 2020ರ ಸೆಪ್ಟೆಂಬರ್ ತಿಂಗಳಲ್ಲಿ ಆ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ ಮುಗಿಯಿತು. ಆಮೇಲಿನ ಹಲವು ವರ್ಷ ನಮ್ಮ ಬೀದಿಯ ಚರಂಡಿಯನ್ನು ಕುರಿತು ಕೇಳಲು ಕಾರ್ಪೊರೇಟರ್ ಎಂಬವರೇ ಇರಲಿಲ್ಲ. 2025ರಲ್ಲಿ ನಗರವನ್ನು ಐದು ಪಾಲಿಕೆಗಳಾಗಿ ವಿಂಗಡಿಸಲಾಯಿತು. ಹಳ್ಳಿಯಲ್ಲಾಗಲಿ ನಗರದಲ್ಲಾಗಲಿ ಮತ ಕೇಳಲು ಬಂದವರನ್ನು ‘ನೀವು ನಮ್ಮವರೇ?’ ಎಂದು ಕೇಳುವ ಮುನ್ನ, ‘ಲೆಕ್ಕವನ್ನು ಎಲ್ಲಿ ತೋರಿಸುತ್ತೀರಿ?’ ಎಂದು ಕೇಳೋಣ. ಒಳ್ಳೆಯವನೊಬ್ಬ ಮುಂದೆ ಬಂದರೆ ಆತನನ್ನು ಒಂಟಿಯಾಗಿ ಬಿಡದಿರೋಣ. ಟ್ರೂಮನ್ ಅವರ ಡಿ ತುಕಡಿಯ ಯೋಧರು ಹಾಗೆ ಬಿಡಲಿಲ್ಲ. 1949ರ ಜನವರಿ 20ರಂದು ಅವರು ಎರಡನೆಯ ಬಾರಿ ರಾಷ್ಟ್ರಾಧ್ಯಕ್ಷರಾಗಿ ಪ್ರಮಾಣ ಸ್ವೀಕರಿಸಿದಾಗ, ಮೂವತ್ತು ವರ್ಷಗಳ ಹಿಂದಿನ ಆ ಕಥೋಲಿಕ ಹುಡುಗರು, ತಲೆ ನರೆತು ಹೊಟ್ಟೆ ಬಂದವರು, ತಮ್ಮ ಕ್ಯಾಪ್ಟನ್ನರ ಕಾರಿನ ಎರಡೂ ಬದಿಯಲ್ಲಿ ನಡೆದು ಬಂದರು.

ನಮ್ಮ ಮಾತನ್ನು ಕೇಳಿದ ಮೇಲೆ ಆ ಸಹೋದರ ನಿಲ್ಲುತ್ತೇನೆ ಎಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. “ಯೋಚನೆ ಮಾಡ್ತೀನಿ ಫಾದರ್, ಪ್ರಾರ್ಥನೆ ಮಾಡಿ” ಎಂದರು. ಅವರ ಅಕ್ಕ ಮಾತ್ರ ಕಾಫಿಯ ಲೋಟಗಳನ್ನು ತೆಗೆದುಕೊಳ್ಳುತ್ತಾ, “ನಿಂತರೆ ಲೆಕ್ಕ ನೋಡೋಕೆ ನಾನೇ ಬರ್ತೀನಿ” ಎಂದರು. ಆ ಲೆಕ್ಕವನ್ನು ನೋಡುವ ಅಕ್ಕಂದಿರು ಪ್ರತಿ ಊರಿನಲ್ಲೂ ಇರಲಿ ಎಂಬುದೇ ನಮ್ಮ ಪ್ರಾರ್ಥನೆ.